ಪದ ಬೇಕು: ವೀಡಿಯೊ ಪಾಠದ ‘ಕನ್ವರ್ಸೇಷನಲ್ ಸ್ಟೈಲ್’

ವೀಡಿಯೊ ಪಾಠ ಬರೆಯುವವರ ಕೈಪಿಡಿ ನಾಳೆ ಅಚ್ಚಿಗೆ ಹೋಗಬೇಕು. ‘ಸಂಭಾಷಣಾ ಶೈಲಿ’ ಎಂದು ಹಾಕಿದರೆ ಬರೆಯುವವರು ಗುರು–ಶಿಷ್ಯ ಎಂದು ಎರಡು ಪಾತ್ರ ಮಾಡಿ ನಾಟಕ ಬರೆಯುತ್ತಾರೆ. ಬೇಕಿರುವುದು ಒಂದೇ ದನಿ, ಕೇಳುವವರ ಜೊತೆ ಮಾತಾಡುವಂಥದ್ದು. ಏನನ್ನಬಹುದು?

*

ಆಡುಮಾತು. ಇಷ್ಟಕ್ಕೆ ಚರ್ಚೆ ಯಾಕೆ?

*

> ಆಡುಮಾತು

ಖಂಡಿತ ಬೇಡ. ಒಬ್ಬರು ‘ಹೋಗ್ತದ’, ಇನ್ನೊಬ್ಬರು ‘ಹೋಗುತ್ತೆ’ ಎಂದು ಬರೆದು ಕೊಡುತ್ತಾರೆ. ಇಲ್ಲಿ ಮಾತು ಒಳನುಡಿಯದ್ದಲ್ಲ, ಯಾರನ್ನು ಉದ್ದೇಶಿಸಿ ಹೇಳುತ್ತೇವೆ ಎಂಬುದರದ್ದು. ಕಲಿಕೆಯ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಮತ್ತು ಸಂಗಡಿಗರು 2004ರಲ್ಲಿ ಉಸಿರಾಟದ ಬಗೆಗಿನ ಇಂಗ್ಲಿಷ್ ಅನಿಮೇಷನ್ ಪಾಠವೊಂದರಲ್ಲಿ 12 ಕಡೆ ‘ದಿ’ ತೆಗೆದು ‘ಯುವರ್’ ಹಾಕಿದರು, ಅಷ್ಟೇ. ಮೂರು ಪ್ರಯೋಗಗಳಲ್ಲೂ ನೆನಪಿನ ಪರೀಕ್ಷೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಕಲಿತದ್ದನ್ನು ಹೊಸ ಪ್ರಶ್ನೆಗೆ ಅನ್ವಯಿಸುವ ಪರೀಕ್ಷೆಯಲ್ಲಿ ‘ಯುವರ್’ ಕೇಳಿದವರು ಮುಂದಿದ್ದರು.

ಕನ್ನಡದಲ್ಲಿ ‘ದಿ’ ಇಲ್ಲ, ಹಾಗಾಗಿ ‘ನಿಮ್ಮ’ವನ್ನು ಹೊಸದಾಗಿ ಸೇರಿಸಬೇಕು. ‘ಉಸಿರೆಳೆದುಕೊಂಡಾಗ ವಪೆ ಕೆಳಗಿಳಿಯುತ್ತದೆ’ (ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು, ಡಯಾಫ್ರಮ್): ಯಾರ ಉಸಿರು? ‘ಎಳೆದುಕೊಂಡಾಗ’ ಪುರುಷವನ್ನು ತೋರಿಸುವುದಿಲ್ಲ. ‘ನೀವು ಉಸಿರೆಳೆದುಕೊಂಡಾಗ ನಿಮ್ಮ ವಪೆ ಕೆಳಗಿಳಿಯುತ್ತದೆ’ ಎನ್ನಿ. ‘ಇಳಿಯುತ್ತದೆ’ ಹಾಗೇ ಇರಲಿ. ನಡುವೆ ‘ನೀನು’ ನುಸುಳಿದರೆ ಮಾತ್ರ ಕೇಳುವವರಿಗೆ ತಟ್ಟನೆ ಕಿವಿಗೆ ಚುಚ್ಚುತ್ತದೆ.

ನನ್ನ ಸೂಚನೆ: ಮಾತುಕತೆಯ ಧಾಟಿ.

*

‘ಕತೆ’ ಸಂಸ್ಕೃತದ ಕಥಾ. ‘ಧಾಟಿ’ಯಲ್ಲಿ ನಾವು ಉಲಿಯದ ಮಹಾಪ್ರಾಣ. ಕನ್ನಡದ್ದೇ ಬೇಕಿದ್ದರೆ ‘ಎದುರುಮಾತಿನ ಬಗೆ’.

*

ಎದುರುಮಾತು ಎಂದರೆ ತಿರುಗಿ ಆಡುವುದು! ಹಿರಿಯರಿಗೆ ಎದುರುಮಾತಾಡಬೇಡ ಅನ್ನುವುದಿಲ್ಲವೇ? ಇನ್ನು ‘ಕತೆ’ ತದ್ಭವ. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥವಕ್ಕೆಂದೇ ಅಪಭ್ರಂಶ ಪ್ರಕರಣ ಬರೆದಿದ್ದಾನೆ. ಕನ್ನಡದ ಬಾಯಲ್ಲಿ ಪಳಗಿದ ಪದ ಕನ್ನಡದ್ದೇ. ಆದರೂ ‘ಮಾತುಕತೆ’ ಈ ಜಾಗಕ್ಕೆ ಸಲ್ಲದು. ಪತ್ರಿಕೆ ಓದುವವರಿಗೆ ಅದು ಸಂಧಾನ. ‘ಮಾತಾಡುವ ಧಾಟಿ’ ಸಾಕು.

*

ಪಳಗಿದ್ದು ಎಂದು ತೀರ್ಮಾನಿಸುವವರು ಯಾರು? ಹೀಗೇ ಒಂದೊಂದನ್ನೂ ಒಳಗೆ ಬಿಟ್ಟುಕೊಂಡು ‘ಉಸಿರಾಟ’ ಇದ್ದರೂ ‘ಶ್ವಾಸೋಚ್ಛ್ವಾಸ’ ಬಂದು ಕೂತಿತು. ಕಡೇಪಕ್ಷ ‘ದಾಟಿ’ ಎಂದು ಬರೆಯಿರಿ.

*

‘ದಾಟಿ’ ಎಂದರೆ ಹೊಳೆ ದಾಟಿ. ಒಪ್ಪಲಾರೆ.

*

‘ಮಾತಾಡುವ ಧಾಟಿ’ ಎಂದೇ ಅಚ್ಚಿಗೆ ಕೊಡುತ್ತೇನೆ. ಕೆಳಗೆ ಈ ಸಾಲು: “ಕೇಳುವವರನ್ನು ಮೊದಲಿಂದ ಕೊನೆಯವರೆಗೆ ‘ನೀವು’ ಎಂದೇ ಕರೆಯಿರಿ, ಪಾತ್ರಗಳು ಬೇಡ, ಒಳನುಡಿಯ ಕ್ರಿಯಾಪದ ಬೇಡ.” ವಪೆಯ ಎರಡೂ ವಾಕ್ಯಗಳನ್ನು ಉದಾಹರಣೆಯಾಗಿ ಸೇರಿಸುತ್ತೇನೆ.