ಜಪಾನಿನ ಯುದ್ಧಕಾಲದ ಪ್ರಚಾರ ಸಿನಿಮಾ: ಮೂರು ಭಾನುವಾರಕ್ಕೆ ಯಾವ ಮೂರು?

ಕಲ್ಪತರು, ತುಮಕೂರು
ಇಲ್ಲಿ ಮೂವತ್ತು ಜನ ಕೂತು ನೋಡೋ ಸಿನಿಮಾ ಗುಂಪಿಗೆ ಈ ಮೂರು ವಾರ ಜಪಾನಿನ ಪ್ರಚಾರ ಚಿತ್ರ ಹಾಕ್ಬೇಕು ಅಂತಿದೆ. 1938ರಿಂದ 1945ರೊಳಗೆ ಧಾಟಿ ಬದಲಾಗಿದ್ದು ಗೊತ್ತಾಗ್ಬೇಕು. ಬರೀ ಶತ್ರುವನ್ನ ಬೈಯೋದೇ ಆದ್ರೆ ಎರಡನೇ ವಾರ ಯಾರೂ ಬರಲ್ಲ. ಯಾವುದು ಹಾಕ್ಲಿ?

ಚಿನ್ನದಗಣಿ, ಕೋಲಾರ
ಬೈಯೋದು ಕಮ್ಮಿ ಸಾರ್, ಅದೇ ಇವುಗಳ ವಿಶೇಷ. ಮೊದಲು ತಸಾಕಾ ತೊಮೊತಾಕಾ ಅವರ ‘ಗೊನಿನ್ ನೊ ಸೆಕ್ಕೊಹೇ’ (ಅಂದ್ರೆ ‘ಐವರು ಬೇಹಿನ ಸೈನಿಕರು’, 1938). ಕಥೆ ಚೀನಾದಲ್ಲಿ ನಡೆದ್ರೂ ಚೀನೀ ಸೈನಿಕರ ಮುಖ ಸರಿಯಾಗಿ ಕಾಣ್ಸೋದೇ ಇಲ್ಲ. ಬೇಹಿಗೆ ಹೋದ ಐವರಲ್ಲಿ ನಾಲ್ವರು ವಾಪಸ್ ಬರ್ತಾರೆ, ಇನ್ನೊಬ್ಬನ ದಾರಿ ಕಾಯ್ತಾರೆ. ಗೆಲುವಿನ ಅಬ್ಬರ ಇಲ್ಲ.

1939ರ ಅಕ್ಟೋಬರ್ 1ರಿಂದ ಚಲನಚಿತ್ರ ಕಾಯ್ದೆ ಜಾರಿ. ಚಿತ್ರೀಕರಣಕ್ಕೆ ಮೊದಲೇ ಸ್ಕ್ರಿಪ್ಟ್ ತೋರಿಸಿ ಒಪ್ಪಿಗೆ ಪಡೀಬೇಕು, ನಿರ್ದೇಶಕರು, ನಟರಿಗೆಲ್ಲ ನೋಂದಣಿ.

ಎರಡನೇದು ಯಮಾಮೊತೊ ಕಜಿರೊ ಅವರ ‘ಹವಾಯಿ ಮಲೇ ಓಕಿ ಕೈಸೆನ್’ (ಹವಾಯಿ, ಮಲಯಾ ಕಡಲ ಕದನ). ಪರ್ಲ್ ಹಾರ್ಬರ್ ದಾಳಿಗೆ ವರ್ಷ ತುಂಬೋ ಹೊತ್ತಿಗೆ, 1942ರ ಡಿಸೆಂಬರಲ್ಲಿ ಬಂದಿದ್ದು. ಬಹುಪಾಲು ಹುಡುಗರ ತರಬೇತಿನೇ, ದಾಳಿ ಕೊನೆಗೆ. ಆ ಬಂದರು ಸುಬುರಾಯಾ ಏಜಿ ಕಟ್ಟಿಸಿದ ಮಾದರಿ. ಮುಂದೆ ಗಾಡ್ಜಿಲಾ ಸಿನಿಮಾದಲ್ಲಿ ಆ ದೈತ್ಯಪ್ರಾಣಿ ಹತ್ರ ಊರು ಪುಡಿ ಮಾಡಿಸಿದ್ದೂ ಇದೇ ಕೈ!

ಮೂರನೇದು ಕಿನೊಶಿತಾ ಕೆಯಿಸುಕೆ ಅವರ ‘ರಿಕುಗುನ್’ (ಅಂದ್ರೆ ‘ಸೈನ್ಯ’, 1944), 87 ನಿಮಿಷ. ಕೊನೆ ದೃಶ್ಯದ ಹೊತ್ತಿಗೆ ಯಾರನ್ನೂ ಎದ್ದು ಟೀಗೆ ಹೋಗೋಕೆ ಬಿಡ್ಬೇಡಿ. ತುತ್ತೂರಿ ಕೇಳಿಸುತ್ತೆ, ತಾಯಿ ಮನೆಯಿಂದ ಓಡ್ತಾಳೆ. ಬಾವುಟದ ಗುಂಪಲ್ಲಿ ಮಗನ್ನ ಹುಡುಕಿ, ಪಕ್ಕದಲ್ಲೇ ಹೆಜ್ಜೆ ಹಾಕ್ತಾಳೆ. ನೂಕುನುಗ್ಗಲಲ್ಲಿ ಬಿದ್ದು, ಎದ್ದು, ಕೈ ಮುಗೀತಾಳೆ. ಮಾತು ಇಲ್ಲವೇ ಇಲ್ಲ ಅನ್ನಬಹುದು. ಸ್ಕ್ರಿಪ್ಟ್ ಓದೋ ಅಧಿಕಾರಿ ಹಾಳೆ ಮೇಲೆ ಏನನ್ನ ತಾನೇ ಹೊಡೆದು ಹಾಕ್ತಾನೆ? ತಾಯಿ ಪಾತ್ರ ಮಾಡಿದ ತನಾಕಾ ಕಿನುಯೊ ಮುಖ ಹಾಳೆ ಮೇಲೆ ಇರಲ್ವಲ್ಲ.

ನಂದಿತಪ್ಪಲು, ಚಿಕ್ಕಬಳ್ಳಾಪುರ
ಒಪ್ತೀನಿ, ಆದ್ರೆ ‘ಯುದ್ಧವಿರೋಧಿ ಸಿನಿಮಾ’ ಅಂತ ಪೋಸ್ಟರಲ್ಲಿ ಹಾಕ್ಬೇಡಿ. ಕೊನೆ ಹತ್ತು ನಿಮಿಷ ಬಿಟ್ರೆ ಉಳಿದಿದ್ದೆಲ್ಲ ಸೈನ್ಯಕ್ಕೆ ಮೀಸಲಾದ ಮನೆತನದ ಕಥೆ. ಸೈನ್ಯಕ್ಕೆ ಆ ಅಂತ್ಯ ಹಿಡಿಸ್ಲಿಲ್ಲ, ಕಿನೊಶಿತಾಗೆ ಯುದ್ಧ ಮುಗಿಯೋವರೆಗೂ ಇನ್ನೊಂದು ಚಿತ್ರ ಮಾಡೋಕಾಗ್ಲಿಲ್ಲ, ಅಷ್ಟು ಹೇಳಿ ಸಾಕು.

ನಾಲ್ಕನೇ ವಾರ ಸಿಕ್ಕಿದ್ರೆ ಸೆಓ ಮಿತ್ಸುಯೊ ಅವರ 1945ರ ಮೊಮೊತಾರೊ (ಜಪಾನಿನ ಜನಪದ ಕಥೆಯ ವೀರ ಹುಡುಗ) ಕಾರ್ಟೂನು, 74 ನಿಮಿಷ. ಕಾಡಿನ ಪ್ರಾಣಿಗಳಿಗೆ ‘ಆ ಇ ಉ ಎ ಒ’ ಅಂತ ಹಾಡಿಸಿ ಜಪಾನಿ ಕಲಿಸೋ ದೃಶ್ಯ ನಮ್ಮ ಬಾಲವಾಡಿ ಹಾಗೇ ಇದೆ. (ಆ ಕ್ರಮವೂ ಸಂಸ್ಕೃತದ ವರ್ಣಮಾಲೆಯಿಂದ ಹೋಗಿದ್ದೇ.) ಮುದ್ದಾಗಿದೆ, ಆದ್ರೆ ಆಕ್ರಮಿಸಿದ ನಾಡಿನವರನ್ನ ಪ್ರಾಣಿ ಮಾಡಿ ಕೂರಿಸಿದ್ದಾರೆ ಅನ್ನೋದು ಮರೀಬಾರ್ದು. ಅದು ಬಿಡುಗಡೆಯಾದ ಏಪ್ರಿಲಲ್ಲಿ ಊರುಗಳು ಸುಟ್ಟು, ಮಕ್ಕಳನ್ನ ಹಳ್ಳಿಗೆ ಕಳಿಸಿಯಾಗಿತ್ತು. ಒಸಾಕಾದಲ್ಲಿ ಖಾಲಿ ಹಾಲಲ್ಲಿ ಕೂತು ನೋಡಿದ ಹುಡುಗ ತೆಜುಕಾ ಒಸಾಮು, ಮುಂದೆ ಜಪಾನಿನ ಹೆಸರಾಂತ ಕಾಮಿಕ್ಸ್, ಕಾರ್ಟೂನು ಕಲಾವಿದ ಆದವನು.

ಚಿನ್ನದಗಣಿ, ಕೋಲಾರ
ಪ್ರೊಜೆಕ್ಟರ್ ವಿಷಯ ಬಿಟ್ಟೇ ಹೋಗಿತ್ತು. ಇವೆಲ್ಲ ಹೆಚ್ಚುಕಮ್ಮಿ 4:3 ಅಳತೆಯವು. ಪರದೆ 8 ಅಡಿ ಅಗಲ, 4.5 ಅಡಿ ಎತ್ತರ ಇದ್ರೆ ಚಿತ್ರ 6 ಅಡಿ ಅಗಲಕ್ಕೆ ನಿಲ್ಲುತ್ತೆ, ಎರಡೂ ಕಡೆ ಒಂದೊಂದು ಅಡಿ ಕಪ್ಪು ಉಳಿಯುತ್ತೆ. ‘ಪರದೆ ತುಂಬ್ಲಿ’ ಅಂತ ಯಾರಾದ್ರೂ ಜೂಮ್ ಒತ್ತಿದ್ರೆ ಮೇಲೆ ತಲೆ, ಕೆಳಗೆ ಸಬ್‌ಟೈಟಲ್ ಎರಡೂ ಕಟ್. ಎಳೆದ್ರೆ ಎಲ್ಲರೂ ಕುಳ್ಳರಾಗ್ತಾರೆ. ಕರಕರ ಶಬ್ದ ಜಾಸ್ತಿ ಇದ್ರೆ ಟ್ರೆಬಲ್ ಇಳಿಸಿ. ಸಬ್‌ಟೈಟಲ್ ತುಟಿಗೆ ಹೊಂದುತ್ತಾ ಅಂತ ಶುರುವಲ್ಲೊಂದ್ಸಲ, ಕೊನೆಯಲ್ಲೊಂದ್ಸಲ ಶನಿವಾರಾನೇ ನೋಡಿ. ಫೈಲಿನ ಫ್ರೇಮ್ ರೇಟ್ ಬೇರೆ ಇದ್ರೆ ಮೊದಲು ಸರಿಯಿದ್ದಿದ್ದು ಹೋಗ್ತಾ ಹೋಗ್ತಾ ನಿಮಿಷಗಟ್ಟಲೆ ಹಿಂದೆ ಬೀಳುತ್ತೆ.

ಕಲ್ಪತರು, ತುಮಕೂರು
ಸರಿ, ಮೊಮೊತಾರೊಗೆ ಇನ್ನೊಂದು ಭಾನುವಾರ ಕೇಳಿ ನೋಡ್ತೀನಿ. ಜೂಮ್ ಬಟನ್ ಮೇಲೆ ಟೇಪ್ ಹಚ್ತೀನಿ.