ಕಾನಿಗೆ ಇಂಗಾಲದ ದುಡ್ಡು ಕೊಡುತ್ತೇವೆ ಎಂದು ಬಂದಿದ್ದಾರೆ, ಊರವರು ಸಹಿ ಮಾಡಬಹುದಾ?

ಕಾನಂಚಿನ ತೋಟ (ಸೊರಬ):

ಎಲ್ಲರಿಗೂ ನಮಸ್ಕಾರ. ನಮ್ಮದು ಸೊರಬ ತಾಲೂಕಿನ 28 ಮನೆಗಳ ಹಳ್ಳಿ. ಊರ ಬೆನ್ನಿಗೇ ಚೌಡಮ್ಮನ ಕಾನು, ಅಂದರೆ ಊರವರು ಹಿಂದಿನಿಂದ ಕಾದುಕೊಂಡು ಬಂದ ದಟ್ಟ ಹಸಿರು ಕಾಡು. ನಮ್ಮ ಒಂದೂವರೆ ಎಕರೆ ಅಡಿಕೆ ತೋಟಕ್ಕೆ ನೀರು ಬರುವುದು ಆ ಕಾನಿನೊಳಗಿನ ಒರತೆಯಿಂದ. ಸುತ್ತಲಿನ ಬೋರ್‌ವೆಲ್‌ಗಳು ಮಾರ್ಚ್‌ಗೇ ಕೈ ಕೊಟ್ಟರೂ ನಮ್ಮ ಕಾಲುವೆಯಲ್ಲಿ ಏಪ್ರಿಲ್ ಕೊನೆಗೂ ಹೆಬ್ಬೆರಳು ಗಾತ್ರದ ನೀರು ಹರಿಯುತ್ತಿರುತ್ತದೆ.

ಹೋದ ವಾರ ಒಂದು ಕಂಪನಿಯ ಇಬ್ಬರು ಜೀಪಿನಲ್ಲಿ ಬಂದಿದ್ದರು. ಯುರೋಪಿನ ಕಾರ್ಖಾನೆಗಳು ತಾವು ಬಿಡುವ ಹೊಗೆಯ ಇಂಗಾಲಕ್ಕೆ ಬದಲಾಗಿ ನಮ್ಮ ಕಾನು ಉಳಿಸಲು ಹಣ ಕೊಡುತ್ತವಂತೆ. 30 ವರ್ಷದ ಒಪ್ಪಂದ. ಮನೆಗೆ ಒಬ್ಬರಂತೆ ಸಹಿ ಹಾಕಬೇಕು. ಇಂಗ್ಲಿಷಿನಲ್ಲಿ 62 ಪುಟ ಇದೆ, ಕನ್ನಡದಲ್ಲಿ ಕೊಟ್ಟಿದ್ದು 4 ಪುಟ. ಹಣ ಎಷ್ಟು ಎಂದು ಬರೆಯುವ ಜಾಗ ಖಾಲಿ ಇದೆ.

ಡಿಗ್ರಿ ಓದುವ ಅಕ್ಕನ ಮಗಳು ಇಂಗ್ಲಿಷ್ ಪ್ರತಿ ಓದಿ ಹೇಳಿದಳು. ಮೂರನೇ ಪುಟದಲ್ಲಿ ಹೀಗಿದೆಯಂತೆ: ಇದು ಉಪೋಷ್ಣವಲಯದ ಕಾಡು, ಸ್ಥಳೀಯರು ಸೌದೆ, ಸೊಪ್ಪಿಗಾಗಿ ಕಡಿಯುವುದರಿಂದ ನಾಶವಾಗುತ್ತಿದೆ. ಇದನ್ನು ಕೇಳಿದ ಅಪ್ಪ ಎದ್ದು ಜಗಲಿಗೆ ಹೋಗಿ ಕೂತರು. ಅವತ್ತು ರಾತ್ರಿ ಊಟ ಮಾಡಲಿಲ್ಲ. ಅವರಿಗೆ 74 ವರ್ಷ. ಆ ಕಾನಿನಲ್ಲಿ ತಾನಾಗಿ ಬಿದ್ದ ಕೊಂಬೆಯನ್ನೂ ಮನೆಗೆ ತಂದವರಲ್ಲ.

ಊರಲ್ಲಿ ಅರ್ಧ ಜನಕ್ಕೆ ಸಹಿ ಮಾಡುವ ಮನಸ್ಸಿದೆ. ದುಡ್ಡು ಬಂದರೆ ಬೇಡ ಎನ್ನುವಷ್ಟು ಗಟ್ಟಿ ನಾವ್ಯಾರೂ ಇಲ್ಲ. ಇಂಥದ್ದು ನಿಜವಾಗಿ ಇದೆಯಾ? ಮಲೆನಾಡಿಗೆ ಹಿಂದೆ ಹೊರದೇಶದ ನೆರವು ಬಂದಾಗ ಏನಾಯಿತು? ಗೊತ್ತಿದ್ದವರು ಹೇಳಿ.

ಹಳೇ ನಕ್ಷೆ (ಶಿವಮೊಗ್ಗ):

ಅರಣ್ಯಶಾಸ್ತ್ರ ಓದಿದವನು ನಾನು. ಒಂದೆರಡು ವಿಷಯ ಹೇಳಬಲ್ಲೆ.

ಇಂಥ ವ್ಯವಸ್ಥೆ ಇರುವುದು ನಿಜ. ಆದರೆ ನಿಮಗೆ ಕೊಟ್ಟ ಕಾಗದವನ್ನು ನಿಮ್ಮ ಕಾನು ನೋಡಿ ಬರೆದಂತೆ ಕಾಣುವುದಿಲ್ಲ. ಭಾರತದ ಕಾಡುಗಳನ್ನು ವಿಂಗಡಿಸಲು ಇಲಾಖೆ ಇವತ್ತಿಗೂ ಬಳಸುವುದು ಚಾಂಪಿಯನ್ ಮತ್ತು ಸೇಠ್ 1968ರಲ್ಲಿ ಮಾಡಿದ 16 ಗುಂಪುಗಳ ಪಟ್ಟಿ. ಅದರ ಪ್ರಕಾರ ದಕ್ಷಿಣದಲ್ಲಿ ಉಪೋಷ್ಣವಲಯದ ಕಾಡು ಸಿಗುವುದು ನೀಲಗಿರಿ, ಪಳನಿಯಂಥ ಎತ್ತರದ ಬೆಟ್ಟಗಳಲ್ಲಿ. ಸೊರಬದ ಕಾನು ಉಷ್ಣವಲಯದ ನಿತ್ಯಹಸಿರು, ಅರೆ ನಿತ್ಯಹಸಿರು ಕಾಡಿಗೆ ಸೇರುತ್ತದೆ. ಬೇರೆಲ್ಲೋ ಬರೆದಿದ್ದನ್ನು ಇಲ್ಲಿಗೆ ತಂದಿರಬೇಕು.

ನಿಮ್ಮ ತಂದೆಯವರಿಗೆ ಇದನ್ನೂ ಹೇಳಿ. ಬ್ರ್ಯಾಂಡಿಸ್ ಎಂಬ ಜರ್ಮನಿಯವರು ಇಡೀ ದೇಶದ ಅರಣ್ಯ ಇಲಾಖೆಗೆ ಮುಖ್ಯಸ್ಥರಾಗಿದ್ದರು. ಅವರೂ ಗ್ರಾಂಟ್ ಎಂಬ ಅಧಿಕಾರಿಯೂ ಸೇರಿ 1868ರಲ್ಲಿ ಸೊರಬ ತಾಲೂಕಿನ ಕಾನುಗಳ ಬಗ್ಗೆಯೇ ಒಂದು ವರದಿ ಬರೆದರು. ಆ ಒಂದು ತಾಲೂಕಿನಲ್ಲಿ 171 ಕಾನುಗಳು ಲೆಕ್ಕಕ್ಕೆ ಸಿಕ್ಕಿದ್ದವು. ಊರವರು ಅಲ್ಲಿಂದ ಕಾಳುಮೆಣಸು ಕೊಯ್ಯುತ್ತಿದ್ದರು. ಆಮೇಲೆ 1980ರ ದಶಕದಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆ ನಮ್ಮ ಭಾಗದ ಕಾಡುಗಳ ನಕ್ಷೆ ಮಾಡಿತು. ಶಿವಮೊಗ್ಗದ ಹೆಸರಿನದೇ ಒಂದು ಹಾಳೆ ಇದೆ. ಕಾಡು ಮೊದಲು ಹೇಗಿತ್ತು ಎಂದು ಕೇಳಿದರೆ ತೋರಿಸಲು ಇಂಥ ದಾಖಲೆಗಳು ಬೇಕಾಗುತ್ತವೆ.

ಸಿದ್ದಾಪುರದ ಮಗಳು (ಸಾಗರ):

ತಮ್ಮಾ, ಸ್ವಲ್ಪ ಉದ್ದ ಬರೆಯುತ್ತೇನೆ. ಹೊರಗಿನ ನೆರವಿನ ಒಳ್ಳೆಯದು, ಕೆಟ್ಟದ್ದು ಎರಡೂ ನೋಡಿದವಳು ನಾನು.

ನನ್ನ ತವರು ಸಿದ್ದಾಪುರದ ಕಡೆ. 90ರ ದಶಕದಲ್ಲಿ ಬ್ರಿಟನ್ ಸರ್ಕಾರದ ನೆರವಿನಿಂದ ಉತ್ತರ ಕನ್ನಡದಲ್ಲಿ ಪಶ್ಚಿಮ ಘಟ್ಟದ ಅರಣ್ಯ ಯೋಜನೆ ನಡೆಯಿತು. 1993ರಲ್ಲಿ ನಮ್ಮ ರಾಜ್ಯ ಸರ್ಕಾರ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಡಿಸಿತು. ಅದರಿಂದಲೇ ಗ್ರಾಮ ಅರಣ್ಯ ಸಮಿತಿಗಳು ಬಂದಿದ್ದು. ಅಪ್ಪಯ್ಯ ನಮ್ಮೂರ ಸಮಿತಿಯಲ್ಲಿದ್ದರು. ಅಲ್ಲಿಯವರೆಗೆ ಫಾರೆಸ್ಟರ್ ಬಂದರೆ ಕತ್ತಿ ಮುಚ್ಚಿಡುವ ಊರು ಅದು. ಅವತ್ತು ಅದೇ ಫಾರೆಸ್ಟರ್ ನಮ್ಮ ಜಗಲಿಯಲ್ಲಿ ಚಾಪೆ ಮೇಲೆ ಕೂತು, ಬಾಗಿಲ ಸಂದಿಯಲ್ಲಿ ನಿಂತಿದ್ದ ಅಮ್ಮನಿಗೆ ಕೇಳಿದರು: "ನಿಮಗೆ ಯಾವ ಗಿಡ ಬೇಕು?" ಅಮ್ಮ ಮುರುಗಲು ಅಂದಳು, ಉಪ್ಪಾಗೆ ಅಂದಳು, ವಾಟೆ ಅಂದಳು. ಅವರು ಬರೆದುಕೊಂಡರು. ಆ ಮುರುಗಲು ಮರಗಳು ಈಗಲೂ ಹಣ್ಣು ಬಿಡುತ್ತವೆ. ಹೊರಗಿನ ದುಡ್ಡು ಬಂದರೆ ನಾನು ಮೊದಲು ನೋಡುವುದೇ ಇದನ್ನು: ಆ ಪ್ರಶ್ನೆ ಯಾರಾದರೂ ಕೇಳಿದರಾ?

ಮದುವೆಯಾಗಿ ಈ ಕಡೆ ಬಂದ ಮೇಲೆ ಇನ್ನೊಂದು ಯೋಜನೆ ಕಂಡೆ. ಯಾರದ್ದು ಅನ್ನುವುದು ಬೇಡ. ಅವರಿಗೆ ಲೆಕ್ಕ ತೋರಿಸಲು ಗಿಡ ಬೇಕಿತ್ತು. ಕಾನಿನ ಅಂಚಿನಲ್ಲಿದ್ದ, ದನ ಮೇಯುವ ನಮ್ಮ ಹುಲ್ಲಿನ ಬ್ಯಾಣ ಅವರ ನಕ್ಷೆಯಲ್ಲಿ ಖಾಲಿ ಜಾಗ ಆಗಿಬಿಟ್ಟಿತ್ತು. ಅಲ್ಲಿ ಅಗಳ ಹೊಡೆದು ಅಕೇಶಿಯಾ ನೆಟ್ಟರು. ದನಗಳಿಗೆ ಹುಲ್ಲು ಹೋಯಿತು. ಅವು ಕಾನಿನೊಳಗೆ ನುಗ್ಗಿ ಹೈಗ, ಧೂಪದ ಸಸಿಗಳನ್ನು ತಿಂದವು. ಕಾಡು ಬೆಳೆಸುವ ದುಡ್ಡಿನಿಂದಲೇ ಕಾನಿನ ಮರಿಗಳು ಹೋದವು. ಅಕೇಶಿಯಾ ಎಲೆ ನೋಡಿದ್ದೀಯಲ್ಲ, ಕುಡುಗೋಲಿನ ಹಾಗೆ ಬಾಗಿ ಚರ್ಮದಂತೆ ಇರುತ್ತದೆ. ಕೊಟ್ಟಿಗೆಗೆ ಹಾಸುವ ಒಣ ಎಲೆ, ದರಕು ಸಾಲದೆ ಒಂದು ವರ್ಷ ಅದನ್ನೇ ಗುಡಿಸಿ ತಂದು ಕೊಟ್ಟಿಗೆಗೆ ಹಾಸಿದೆ. ಇಡೀ ಮಳೆಗಾಲ ಗೊಬ್ಬರಗುಂಡಿಯಲ್ಲಿದ್ದರೂ ತೆಗೆದಾಗ ಎಲೆ ಎಲೆಯಾಗಿಯೇ ಇತ್ತು. ಕೈಯಲ್ಲಿ ಹಿಡಿದು ಅತ್ತುಬಿಟ್ಟೆ.

ಇನ್ನು ನಿನ್ನ ಮೂರನೇ ಪುಟ. ಅದನ್ನು ಯಾಕೆ ಹಾಗೆ ಬರೆದಿದ್ದಾರೆ ಎಂದು ಅರ್ಥ ಮಾಡಿಕೋ. ಇಂಗಾಲದ ದುಡ್ಡಿನ ನಿಯಮ ಏನೆಂದರೆ, ಈ ಯೋಜನೆ ಇಲ್ಲದಿದ್ದರೆ ಕಾಡು ಹಾಳಾಗುತ್ತಿತ್ತು ಎಂದು ತೋರಿಸಬೇಕು. ಉಳಿಸಿದ್ದು ಎಷ್ಟು ಎಂದು ಲೆಕ್ಕ ಹಾಕಿ ಅದನ್ನೇ ಮಾರುವುದು. ನೀವು ತಲೆತಲಾಂತರದಿಂದ ಕಾದುಕೊಂಡು ಬಂದಿದ್ದಕ್ಕೆ ಆ ಲೆಕ್ಕದಲ್ಲಿ ಬೆಲೆ ಇಲ್ಲ. ನೀವು ಕಡಿಯುವವರು ಎಂದಾದರೆ ಮಾತ್ರ ಬೆಲೆ. ಅದಕ್ಕೆ ಸಹಿ ಹಾಕಿದರೆ ನಾಳೆ ಒಂದು ಹೊರೆ ಸೊಪ್ಪು ತಂದರೂ ನಿಮ್ಮ ಸಹಿಯನ್ನೇ ತೋರಿಸುತ್ತಾರೆ.

ಹೊರದೇಶದವರ ಮಾತೆಲ್ಲ ನಮಗೆ ವಿರುದ್ಧ ಅಂತಲ್ಲ. ಕಾಡಿಗೆ ಇಂಗಾಲದ ನೆರವು ಕೊಡುವ ಬಗ್ಗೆ 2010ರಲ್ಲಿ ಮೆಕ್ಸಿಕೋದ ಕಾನ್ಕುನ್‌ನಲ್ಲಿ ದೇಶಗಳೆಲ್ಲ ಸೇರಿ ಒಪ್ಪಿದ ಕಟ್ಟುಪಾಡುಗಳಿವೆ. ಸಹಜ ಕಾಡನ್ನು ಬದಲಾಯಿಸಲು ಇದನ್ನು ಬಳಸಬಾರದು. ಸ್ಥಳೀಯರು ಪೂರ್ತಿಯಾಗಿ ಪಾಲ್ಗೊಳ್ಳಬೇಕು. ಕಂಪನಿಯವರ ಮುಂದೆ ಆ ಎರಡು ಮಾತು ಇಡು. 62 ಪುಟವೂ ಕನ್ನಡದಲ್ಲಿ ಬರಲಿ ಎಂದು ಕೇಳು. ಪಾಲ್ಗೊಳ್ಳುವುದು ಎಂದರೆ ಮೊದಲು ಓದುವುದು ಅಲ್ವಾ.

ಆ ಕಾನು ಯಾರ ಹೆಸರಲ್ಲಿದೆ ನೋಡಿದ್ದೀಯಾ? ಪಹಣಿ ತೆಗೆಸು. ನಮ್ಮ ಜಿಲ್ಲೆಯ ಎಷ್ಟೋ ಕಾನುಗಳು ಕಂದಾಯ ಇಲಾಖೆಯಲ್ಲಿವೆ. ಸರ್ಕಾರದ ಜಾಗವನ್ನು 30 ವರ್ಷಕ್ಕೆ ಒಪ್ಪಂದ ಮಾಡಿಕೊಡಲು ನಿಮಗೂ ಆಗುವುದಿಲ್ಲ, ಆ ಕಂಪನಿಗೂ ಆಗುವುದಿಲ್ಲ.

ಬೇರೆ ದಾರಿಯೂ ಇದೆ. 1992ರಲ್ಲಿ ರಿಯೋದಲ್ಲಿ ಆದ ಜೀವವೈವಿಧ್ಯ ಒಪ್ಪಂದದಿಂದ ನಮ್ಮಲ್ಲಿ 2002ರ ಕಾಯ್ದೆ ಬಂತು. ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಬಂದಿದ್ದು ಅದರಿಂದ. ನಮ್ಮ ಜಿಲ್ಲೆಯ ಅಂಬಾರಗುಡ್ಡ ಅದೇ ಕಾಯ್ದೆಯಡಿ ಪಾರಂಪರಿಕ ತಾಣ ಆಯಿತು. ಅದರಿಂದ ಕೈಗೆ ದುಡ್ಡು ಜಾಸ್ತಿ ಬರುವುದಿಲ್ಲ, ನಿಜ. ಆದರೆ ಕಾನು ಕಾದವರು ನೀವೇ ಎಂದು ದಾಖಲೆಯಲ್ಲಿ ಬರೆಸಬಹುದು.

ಮಳೆ ಮತ್ತು ಮೆಣಸು (ಕೊಪ್ಪ):

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮದು ಮೂರು ಎಕರೆ ಕಾಫಿ. ಯುರೋಪಿನವರು 2023ರಲ್ಲಿ ಒಂದು ಕಾನೂನು ತಂದಿದ್ದಾರೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಾಗದ ಕಾಫಿ, ರಬ್ಬರ್ ಅಲ್ಲಿಗೆ ಹೋಗುವಂತಿಲ್ಲ. ಜಾರಿ ದಿನಾಂಕ ಮುಂದಕ್ಕೆ ಹೋಗುತ್ತಿದೆ, ಆದರೂ ತೋಟದ ಜಾಗ ಗುರುತು ಮಾಡಿಕೊಡಿ ಎಂದು ಇಲ್ಲಿ ಕೇಳಲು ಶುರು ಮಾಡಿದ್ದಾರೆ. 4 ಹೆಕ್ಟೇರ್‌ವರೆಗಿನ ತೋಟಕ್ಕೆ ಒಂದು ಗುರುತು ಸಾಕು. ಪಕ್ಕದವರು ಹಕ್ಕಲಿನ ಕುರುಚಲು ಕಾಡು ಸವರಿ ಕಾಫಿ ಹಾಕುವ ಯೋಚನೆಯಲ್ಲಿದ್ದರು, ಇದನ್ನು ಕೇಳಿ ಸುಮ್ಮನಾದರು. ನನಗೆ ಖುಷಿಯಾಯಿತು. ಆದರೆ ಆ ಕಾನೂನಿನ ಬೆಳೆಗಳ ಪಟ್ಟಿಯಲ್ಲಿ ಅಡಿಕೆ ಇಲ್ಲ. ಮಲೆನಾಡಿನಲ್ಲಿ ಈಗ ಕಾನಿನ ಅಂಚು ಸವೆಯುತ್ತಿರುವುದು ಅಡಿಕೆಗಾಗಿ. ಅದನ್ನು ತಡೆಯಲು ಯಾವ ಹೊರದೇಶದ ಕಾನೂನೂ ಬರುವುದಿಲ್ಲ. ನಾವೇ ನಮ್ಮ ಬೇಲಿ ಎಲ್ಲಿ ಎಂದು ಹೇಳಿಕೊಳ್ಳಬೇಕು.

ಕಾನಂಚಿನ ತೋಟ (ಸೊರಬ):

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕ, ನೀವು ಹೇಳಿದ ಹಾಗೆ ಪಹಣಿ ತೆಗೆಸಿದೆ. ಸರ್ಕಾರಿ ಕಾನು ಎಂದೇ ಇದೆ. ಕಂಪನಿಯವರಿಗೆ ಫೋನ್ ಮಾಡಿ ಎರಡು ಮಾತು ಹೇಳಿದೆ. ಮೂರನೇ ಪುಟ ತೆಗೆಯಬೇಕು, ಪೂರ್ತಿ ಕಾಗದ ಕನ್ನಡದಲ್ಲಿ ಬರಬೇಕು. ನೋಡಿ ಹೇಳುತ್ತೇವೆ ಅಂದರು.

ಕೊಪ್ಪದ ಅಣ್ಣ ಬರೆದಿದ್ದು ನನಗೇ ನಾಟಿತು. ನಮ್ಮ ತೋಟದ ಮೇಲ್ಗಡೆ ಬೇಲಿ ನಾಲ್ಕು ಮಾರು ಕಾನಿನೊಳಗೆ ಹೋಗಿದೆ. ಅಜ್ಜನ ಕಾಲದ್ದಲ್ಲ, ನಾನೇ ಆರು ವರ್ಷದ ಹಿಂದೆ ಹಾಕಿದ್ದು. ನಿನ್ನೆ ಅಪ್ಪನ ಜೊತೆ ಹೋಗಿ ನೋಡಿದೆ. ಅವರು ಏನೂ ಅನ್ನಲಿಲ್ಲ, ಹಳೆಯ ಗಡಿಕಲ್ಲಿನ ಮೇಲಿನ ಪಾಚಿಯನ್ನು ಕೈಯಿಂದ ಒರೆಸಿದರು. ಈ ವಾರ ಬೇಲಿ ಹಿಂದಕ್ಕೆ ತರುತ್ತೇವೆ.

ಶಿವಮೊಗ್ಗದ ಸರ್, ಆ 1868ರ ವರದಿಯ ಪುಟಗಳ ಫೋಟೊ ಇದ್ದರೆ ದಯವಿಟ್ಟು ಹಾಕಿ. ಬುಧವಾರ ಗ್ರಾಮ ಸಭೆ ಇದೆ. ಅಪ್ಪ ಅದನ್ನು ಎಲ್ಲರೆದುರು ಓದಿಸಬೇಕು ಎನ್ನುತ್ತಿದ್ದಾರೆ.