ಊರಿನ ವಾಟ್ಸಾಪ್ ಗುಂಪು ಬಿಡಬೇಕೋ ಬ್ಯಾಡೋ?

"ಮಕ್ಕಳು ಇಲ್ಲೇ ಬೆಳೀಲಿಕತ್ತಾವ, ಇನ್ನ ಊರಿನ ಗುಂಪು ಯಾಕ್ ಬೇಕು, ದಿನಾ ಗುಡ್ ಮಾರ್ನಿಂಗ್ ಫೋಟೋ ಅಳಿಸೋದ ಕೆಲಸ ಆಗ್ಯದ" ಅಂತ ಪರದೇಶಕ್ಕ ಬಂದ ಬೀದರಿನ ಅಕ್ಕೋರು ಕೇಳ್ಯಾರ. ಗುಡ್ ಮಾರ್ನಿಂಗ್ ಬಗ್ಗೆ ನಾನೂ ನಿಮ್ಮ ಕಡೀನೇ ರೀ. ಮ್ಯೂಟ್ ಮಾಡ್ರಿ, ಬಿಡಬ್ಯಾಡ್ರಿ.

ನಮ್ದು ಕಲಬುರಗಿ, ಈಗ ಇರೋದು ಅಮೆರಿಕಾದ ಡಾಲಸ್. ಊರಾಗ ಅಪ್ಪ-ಅವ್ವ ಇಬ್ಬರೇ. ಅಪ್ಪಂದು ರೈಲ್ವೆ ಪಿಂಚಣಿ, ಪ್ರತಿ ನವೆಂಬರ್‌ನಾಗ ಜೀವನ ಪ್ರಮಾಣ, ಅಂದ್ರ ಜೀವಂತ ಅದೀನಿ ಅನ್ನೋ ಪ್ರಮಾಣಪತ್ರ, ಕೊಡಬೇಕು. ಹೋದ ವರ್ಷ ಮೊಣಕಾಲು ಹಿಡಕೊಂಡು ಹೊಸ್ತಿಲ ದಾಟಲಿಕ್ಕೂ ಆಗ್ಲಿಲ್ಲ. ಹತ್ತನೇ ಕ್ಲಾಸಿನ ಗುಂಪಿನ್ಯಾಗ ಒಂದು ಸಾಲು ಹಾಕಿದೆ. ಮರುದಿನ ಮುಂಜಾನೆ ಗೆಳತಿ ಒಬ್ಬಾಕಿ ಮನಿಗೆ ಬಂದು, ಅಪ್ಪನ್ನ ಬಾಗಿಲ ಬೆಳಕಿಗೆ ಕೂಡಿಸಿ, "ಕಾಕಾ, ಒಮ್ಮಿ ಕಣ್ಣು ಪಿಳುಕಿಸ್ರಿ" ಅಂತ ಫೋನಿಗೆ ಮುಖ ತೋರಿಸಿ ಕೆಲಸ ಮುಗಿಸಿದ್ಲು. (ಮುಖ ತೋರಿಸೋ ಈ ಸೌಲಭ್ಯ 2021ರಿಂದ ಅದ, ಹಿರಿಯರು ಇದ್ದೋರು ತಿಳಕೊಂಡಿರ್ರಿ.)

ಸಾಲಿ ಬಿಟ್ಟ ಮ್ಯಾಲ ಆಕಿನ್ನ ನಾ ಕಂಡೇ ಇಲ್ಲ. ಆದ್ರ ಆಕಿ ಮಗಳು ಎಂ.ಎಸ್. ಅರ್ಜಿ ಹಾಕೋ ಮುಂದ ಕೇಳಿದ್ದಕ್ಕೆಲ್ಲಾ ವಾಯ್ಸ್ ಮೆಸೇಜ್ ಕಳಿಸಿದ್ದೆ. ಇದು ಲಗ್ನದ ಆಯೇರಿ ಇದ್ದಂಗ, ವಾಪಸ್ ಕೊಡ್ರಿ ಅಂತ ಯಾರೂ ಕೇಳೂದಿಲ್ಲ, ಮರಿಯೂದೂ ಇಲ್ಲ.

ಹೊಸ ಸುದ್ದಿ, ಹೊಸ ಕೆಲಸ ಹತ್ತಿರದವರಿಗಿಂತ ಬರೇ ಪರಿಚಯದವರಿಂದ ಜಾಸ್ತಿ ಬರ್ತಾವ ಅಂತ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ 1973ರಾಗೇ ಬರದಾರ. ಹತ್ತಿರದವರಿಗೆ ನಮಗ ಗೊತ್ತಿದ್ದೇ ಗೊತ್ತಿರ್ತದ ನೋಡ್ರಿ. ನಿಕೋಲ್ ಎಲಿಸನ್ ಅನ್ನೋ ಸಂಶೋಧಕಿ ಮತ್ತವರ ಸಂಗಡಿಗರು ಫೇಸ್‌ಬುಕ್ ಬಳಸೋರನ್ನ ವಿಚಾರಿಸಿ 2014ರಾಗ ಬರದ್ರು. ಸಹಾಯ ಕೇಳಿದವರಿಗೆ ಉತ್ತರ ಕೊಡೋರು, ಕೆಟ್ಟ ಸುದ್ದಿಗೆ ಸಮಾಧಾನ ಹೇಳೋರು, ಹುಟ್ಟುಹಬ್ಬಕ್ಕ ಹಾರೈಸೋರು, ಇವರಿಗೆ ಇಂಥ ದೂರದ ನಂಟಿನ ಆಸರ ಹೆಚ್ಚು ಅಂತ ಕಂಡಿತು. ಸಮೀಕ್ಷೆ ಅದು, ಯಾವುದರಿಂದ ಯಾವುದು ಆತು ಅಂತ ಖಡಾಖಂಡಿತ ಹೇಳಲಿಕ್ಕೆ ಬರೂದಿಲ್ಲ. ಆದ್ರೂ ಸುಮ್ನ ಓದಿ ಫೋನ್ ಕೆಳಗಿಡೋರಿಗೆ ಏನೂ ಹುಟ್ಟೂದಿಲ್ಲ ಅನ್ನೋದು ನನ್ನ ಲೆಕ್ಕ.

ಮಕ್ಕಳನ್ನ ಕ್ಯಾಮೆರಾ ಮುಂದ ನಿಲ್ಲಿಸಿ "ಅಜ್ಜಿಗೆ ನಮಸ್ಕಾರ ಹೇಳು" ಅಂದ್ರ ಎರಡು ನಿಮಿಷಕ್ಕ ಓಡ್ತಾವ. ಅವಕ್ಕ ಅವರದೇ ಒಂದು ಹಕೀಕತ್ತು ಬೇಕು. ನಮ್ಮ ಹುಡುಗ ಊರ ಕಡೆ ಇರೋ ಚಿಗವ್ವನ ಮಗನ ಜೋಡಿ ನನ್ನ ಫೋನಿನ್ಯಾಗೇ ಚೆಸ್ ಆಡ್ತಾನ. ಬೇಸಿಗ್ಯಾಗ 10.5 ತಾಸಿನ ಫರಕು, ಚಳಿಗಾಲದಾಗ 11.5. ಇವ ಏಳೋ ಹೊತ್ತಿಗೆ ಅವ ಹಾಸಿಗಿ ಹುಡುಕ್ತಾನ, ಅದಕ್ಕ ದಿನಕ್ಕ ಒಂದೊಂದೇ ನಡಿ. ಮೊನ್ನೆ "ನಿನ್ನ ಕುದ್ರಿ ಹೋತಲೇ!" ಅಂತ ಮೆಸೇಜ್ ರೆಕಾರ್ಡ್ ಮಾಡ್ಲಿಕತ್ತಿದ್ದ. ಆ "ಲೇ" ನಾವು ಕಲಿಸಿದ್ದಲ್ಲ. ಹಂಗಂತ ಅವರ ಫೋಟೋ ದೊಡ್ಡ ಗುಂಪಿಗೆ ಹಾಕಬ್ಯಾಡ್ರಿ, ಅದು ಎಲ್ಲಿಗೆ ಹೋಗ್ತದೋ ಯಾರಿಗೆ ಗೊತ್ತು.

ಬಿಡಲೇಬೇಕು ಅಂದ್ರ, ಅಕ್ಕೋರೆ, ಗುಂಪು ಬಿಟ್ಟ ಸೂಚನೆ ಈಗ ಅಡ್ಮಿನ್‌ಗೆ ಮಾತ್ರ ಹೋಗ್ತದ. ಆದ್ರ ನಿಮ್ಮ ಗುಂಪಿನ ಅಡ್ಮಿನ್ ನಿಮ್ಮ ಸೋದರಮಾವನೇ ಅಲ್ಲೇನ್ರಿ?